‘ತಿಂಗಳಿಗೆ ಶೇ 3 ಲಾಭ, ಎರಡೇ ವರ್ಷಕ್ಕೆ ಹಣ ಡಬಲ್’: ಈ ಮಾತನ್ನು ನಮ್ಮ ಮನಸ್ಸು ನಂಬುವುದೇಕೆ?

ಭತ್ತ ಮಾರಿದ ಹಣ ಖಾತೆಗೆ ಬೀಳುವ ಹೊತ್ತಿಗೆ ಮೊಬೈಲಿಗೆ ಇಂಥದ್ದೊಂದು ಸಂದೇಶವೂ ಬರುತ್ತದೆ: ‘ಬ್ಯಾಂಕಿನಲ್ಲಿಟ್ಟ ಹಣ ಬೆಳೆಯುವುದಿಲ್ಲ. ನಮ್ಮಲ್ಲಿಡಿ, ತಿಂಗಳಿಗೆ ಶೇ 3 ಕೊಡುತ್ತೇವೆ.’ ಜೊತೆಗೆ ಯಾರದೋ ಖಾತೆಗೆ ಹಣ ಬಂದ ಸ್ಕ್ರೀನ್‌ಶಾಟ್. ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಕೆಂಚನಗುಡ್ಡದಂಥ ಊರುಗಳ ರೈತರಿಗೆ ಸಂಬಳದಂತೆ ತಿಂಗಳು ತಿಂಗಳು ಹಣ ಬರುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಒಟ್ಟಿಗೆ ಬರುತ್ತದೆ. ಅದನ್ನು ಎಲ್ಲಿಡಬೇಕು ಎಂಬ ಒಂದು ತೀರ್ಮಾನ ತಪ್ಪಿದರೆ ಮುಂದಿನ ಬೆಳೆಯ ಬೀಜ, ಗೊಬ್ಬರ, ಮಕ್ಕಳ ಫೀಸು ಎಲ್ಲಕ್ಕೂ ಸಾಲ ಮಾಡಬೇಕಾಗುತ್ತದೆ. ಹಾಗಾಗಿ ಈ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಹಣ ಎಷ್ಟು ಕಾಲಕ್ಕೆ ಎರಡರಷ್ಟಾಗುತ್ತದೆ ಎಂದು ತಿಳಿಯಲು ಸುಲಭ ಸೂತ್ರವಿದೆ: 72ನ್ನು ಬಡ್ಡಿ ದರದಿಂದ ಭಾಗಿಸಿ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ 2023ರ ಏಪ್ರಿಲ್‌ನಲ್ಲಿ ಶೇ 7.5 ಬಡ್ಡಿ ನಿಗದಿಯಾಯಿತು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ. ಸರ್ಕಾರ ಹೇಳಿದ ಅವಧಿಯೂ 115 ತಿಂಗಳು, ಅಂದರೆ 9 ವರ್ಷ 7 ತಿಂಗಳು.

ಈಗ ತಿಂಗಳಿಗೆ ಶೇ 3 ಎಂಬುದನ್ನು ನೋಡಿ. ಚಕ್ರಬಡ್ಡಿ ಲೆಕ್ಕದಲ್ಲಿ ಅದು ವರ್ಷಕ್ಕೆ ಶೇ 42 ದಾಟುತ್ತದೆ. 1 ಲಕ್ಷ ರೂಪಾಯಿ ಹತ್ತು ವರ್ಷಕ್ಕೆ 34 ಲಕ್ಷ ಆಗಬೇಕು! ಪ್ರತಿ ವರ್ಷ, ಎಲ್ಲರಿಗೂ, ನಷ್ಟವೇ ಇಲ್ಲದೆ ಇಷ್ಟು ಕೊಡುವ ವ್ಯಾಪಾರ ಯಾವುದು?

ಹೇಳಿಕೆ 1: ‘ನಮ್ಮ ಪರಿಚಯದವರಿಗೆ ತಪ್ಪದೆ ಬರುತ್ತಿದೆ’

ಬರುತ್ತಿರಬಹುದು, ಸುಳ್ಳಲ್ಲ. ಆದರೆ ಅದು ಸಾಕ್ಷಿಯೂ ಅಲ್ಲ. ನೀವು 1 ಲಕ್ಷ ಕೊಟ್ಟಿರಿ, ತಿಂಗಳಿಗೆ 3 ಸಾವಿರ ಬಂತು ಎನ್ನೋಣ. ಕಂಪನಿ ಒಂದು ರೂಪಾಯಿಯ ವ್ಯಾಪಾರ ಮಾಡದೆ, ನಿಮ್ಮ ಹಣವನ್ನೇ ನಿಮಗೆ ಮರಳಿಸುತ್ತಾ 33 ತಿಂಗಳು ದೂಡಬಹುದು. ಅಷ್ಟರಲ್ಲಿ ನಿಮ್ಮನ್ನು ನೋಡಿ ಅಣ್ಣ, ಭಾವ, ಪಕ್ಕದ ಮನೆಯವರು ಸೇರುತ್ತಾರೆ. ಅವರ ಹಣದಲ್ಲಿ ಇನ್ನಷ್ಟು ಕಾಲ ನಡೆಯುತ್ತದೆ.

ಬೆಂಗಳೂರಿನ ಐಎಂಎ ಸಂಸ್ಥೆಯೂ ವರ್ಷಗಟ್ಟಲೆ ಹಣ ಕೊಟ್ಟಿತ್ತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥರ ಆಡಿಯೊ ಹರಿದಾಡಿ, ಅವರು ದೇಶ ಬಿಟ್ಟಿರುವುದು ಗೊತ್ತಾದ ಮೇಲೆ ಹತ್ತಾರು ಸಾವಿರ ಜನ ದೂರು ಕೊಡಲು ಸಾಲುಗಟ್ಟಿದರು.

ಹೇಳಿಕೆ 2: ‘ಹೋದ ವರ್ಷ ಚೆನ್ನಾಗಿ ಬಂತು, ಈ ವರ್ಷವೂ ಬರುತ್ತದೆ’

ಹತ್ತಿರದ ನೆನಪಿಗೆ ಮನಸ್ಸು ಹೆಚ್ಚು ತೂಕ ಕೊಡುತ್ತದೆ. ಬಳ್ಳಾರಿ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೆ ಇದು ಹೊಸದಲ್ಲ. ಒಳ್ಳೆ ದರ ಸಿಕ್ಕ ಮರುವರ್ಷ ಎಲ್ಲರೂ ಅದನ್ನೇ ಹಾಕುತ್ತಾರೆ, ಆವಕ ಏರುತ್ತದೆ, ದರ ಬೀಳುತ್ತದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋಗಿತ್ತು. ಷೇರು, ಚಿನ್ನ, ಸೈಟು ಎಲ್ಲದರಲ್ಲೂ ಹೀಗೆಯೇ: ದರ ಏರಿದ ಸುದ್ದಿ ನಮ್ಮ ಮೊಬೈಲಿಗೆ ಬರುವ ಹೊತ್ತಿಗೆ ಅದು ಏರಿ ಆಗಿರುತ್ತದೆ.

ಹೇಳಿಕೆ 3: ‘ಹೋದ ಹಣ ವಾಪಸ್ ಬರಬೇಕಾದರೆ ಇನ್ನಷ್ಟು ಹಾಕಬೇಕು’

ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು: ಗಳಿಸಿದ ಖುಷಿಗಿಂತ ಅಷ್ಟೇ ಹಣ ಕಳೆದುಕೊಂಡ ನೋವು ದೊಡ್ಡದು. ಎಷ್ಟು ದೊಡ್ಡದು? ಸುಮಾರು ಎರಡು ಪಟ್ಟು ಎಂಬುದು ನಂತರದ ಅಂದಾಜು. ಕಾನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ನೋವು ತಪ್ಪಿಸಿಕೊಳ್ಳಲು ನಾವು ಇನ್ನೂ ದೊಡ್ಡ ಅಪಾಯಕ್ಕೆ ಕೈ ಹಾಕುತ್ತೇವೆ. ‘ಇನ್ನು 20 ಸಾವಿರ ಕಟ್ಟಿದರೆ ಪೂರ್ತಿ ಹಣ ಬಿಡುಗಡೆ’ ಎನ್ನುವ ವಂಚಕರು ಹಿಡಿಯುವುದು ಇದೇ ಎಳೆಯನ್ನು.

ಹೇಳಿಕೆ 4: ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ!’

ಮೋಸವೇ ಇಲ್ಲದ ಕಡೆಯೂ ಈ ಮಾತು ಸಾಲದು. ಸುಮಾರು 70 ವರ್ಷ ನೀರು ಕೊಟ್ಟ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹರಿಯುವುದನ್ನು ರೈತರು ನೋಡುತ್ತಾ ನಿಲ್ಲಬೇಕಾಯಿತು. ಒಂದು ಬೆಳೆ ಕೈಕೊಟ್ಟರೂ ಮನೆ ನಡೆಯುವಷ್ಟು ಹಣ ಪಕ್ಕಕ್ಕಿರಬೇಕು ಎನ್ನುವುದು ಇದಕ್ಕೇ.

ಹಣ ಇಡುವ ಮೊದಲು

2023ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಹೂಡಿಕೆದಾರ ಚಾರ್ಲಿ ಮಂಗರ್ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತಿದ್ದರು. ‘ಶ್ರೀಮಂತರಾಗುವುದು ಹೇಗೆ?’ ಎನ್ನುವ ಬದಲು ‘ಇದ್ದದ್ದು ಕಳೆದುಹೋಗುವುದು ಹೇಗೆ?’ ಎಂದು ಕೇಳಿಕೊಂಡರೆ ದಾರಿ ಸುಲಭವಾಗುತ್ತದೆ.

• ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳಿ. ಎರಡು ವಾಕ್ಯದಲ್ಲಿ ಉತ್ತರ ಬರದಿದ್ದರೆ ಬೇಡ.
• ‘ಇವತ್ತೇ ಕೊನೆ ದಿನ’ ಎಂದರೆ ಒಂದು ವಾರ ಕಾಯಿರಿ, ಮನೆಯವರೊಂದಿಗೆ ಮಾತಾಡಿ.
• ಅನುಮತಿಯಿಲ್ಲದೆ ಠೇವಣಿ ಸಂಗ್ರಹಿಸುವುದು 2019ರ ಕಾನೂನಿನ ಪ್ರಕಾರ ಅಪರಾಧ. ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಸಂಸ್ಥೆಯ ಬಗ್ಗೆ ತಿಳಿಯಬಹುದು, ದೂರನ್ನೂ ಕೊಡಬಹುದು.
• ಬ್ಯಾಂಕ್ ಠೇವಣಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಬ್ಯಾಂಕ್ ಅಲ್ಲದ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ.
• ಆನ್‌ಲೈನ್‌ನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನೆನಪಿಡಿ: ಅಪರಿಚಿತರು ಕಳಿಸಿದರೆ ನಾವು ಅನುಮಾನಿಸುತ್ತೇವೆ, ಅಣ್ಣನೋ ಚಿಕ್ಕಪ್ಪನೋ ಕಳಿಸಿದರೆ ನಂಬುತ್ತೇವೆ. ನೀವು ಫಾರ್ವರ್ಡ್ ಮಾಡಿದ್ದನ್ನೂ ನಿಮ್ಮವರು ಹಾಗೆಯೇ ನಂಬುತ್ತಾರೆ. ಲೆಕ್ಕ ಹಾಕದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.