ಕ್ರೀಡೆಗೆ ಆಶ್ರಯ: ಕುಸ್ತಿಯ ಕಣದಿಂದ ಇ-ಕ್ರೀಡಾಂಗಣದವರೆಗೆ

ಕ್ರೀಡೆಯ ಇತಿಹಾಸವು ಗೆದ್ದವರ ಇತಿಹಾಸವಷ್ಟೇ ಅಲ್ಲ. ಕಣವನ್ನು ಕಟ್ಟಿಸಿದವರ ಹಾಗೂ ಆಟಗಾರನ ಅನ್ನಕ್ಕೆ ಹಣವನ್ನು ಒದಗಿಸಿದವರ ಇತಿಹಾಸವೂ ಹೌದು. ಮೊಬೈಲು ಮತ್ತು ಗಣಕಯಂತ್ರಗಳ ಮೇಲೆ ನಡೆಯುವ ಇ-ಕ್ರೀಡೆಯ ತಂಡಗಳಲ್ಲಿಯೂ ಅಂಗಣಗಳಲ್ಲಿಯೂ ಇಂದು ವಾಣಿಜ್ಯ ಸಂಸ್ಥೆಗಳು ಬಂಡವಾಳವನ್ನು ತೊಡಗಿಸುತ್ತಿವೆ. ಇದು ಹಳೆಯ ರಾಜಾಶ್ರಯದ ಹೊಸ ರೂಪವೇ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯ ಇತಿಹಾಸವು ಈ ಪ್ರಶ್ನೆಯ ಮೇಲೆ ಬೆಳಕನ್ನು ಚೆಲ್ಲಬಲ್ಲದು.

ಈ ಸೀಮೆಯ ಕ್ರೀಡೆ ಕುಸ್ತಿ. ಚಿಕ್ಕೋಡಿ, ಅಥಣಿ ತಾಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆದರೆ ಕುಸ್ತಿಯ ಮಟ್ಟಿಗೆ ಎಲ್ಲರ ದೃಷ್ಟಿಯೂ ಕೊಲ್ಲಾಪುರದ ಕಡೆಗೇ ಇತ್ತು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು 1902ರ ಯುರೋಪು ಪ್ರವಾಸದಲ್ಲಿ ರೋಮಿನ ಪ್ರಾಚೀನ ವೃತ್ತರಂಗವನ್ನು ಕಂಡು, ಅದರ ಮಾದರಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ಗರಡಿಗಳಿಗೂ ಪೈಲ್ವಾನರಿಗೂ ದರಬಾರಿನ ಆಶ್ರಯವಿತ್ತು.

ಆಶ್ರಯದಾತನು ಇಲ್ಲವಾದಾಗ ಏನಾಗುತ್ತದೆಂಬುದಕ್ಕೆ ಖಾಶಾಬಾ ಜಾಧವರ ಜೀವನವೇ ನಿದರ್ಶನ. 1948ರ ಲಂಡನ್ ಒಲಿಂಪಿಕ್ಸ್‌ಗೆ ಅವರು ಹೋದದ್ದು ಕೊಲ್ಲಾಪುರದ ಮಹಾರಾಜರ ಹಣದಿಂದ. 1949ರ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. 1952ರ ಹೆಲ್ಸಿಂಕಿ ಯಾತ್ರೆಗೆ ಜನರಿಂದ ವಂತಿಗೆಯನ್ನು ಎತ್ತಬೇಕಾಯಿತು. ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ಕೊಟ್ಟರು. ಜಾಧವರು ಕಂಚಿನ ಪದಕವನ್ನು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವದು. ದರಬಾರು ಹೋಯಿತು, ಆದರೆ ಕುಸ್ತಿ ಉಳಿಯಿತು. ಏಕೆಂದರೆ ಪಟ್ಟುಗಳು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಮಣ್ಣನ್ನು ಹದಮಾಡಿ ಕಣ ಕಟ್ಟುವ ಹಕ್ಕು ಪ್ರತಿಯೊಂದು ಊರಿಗೂ ಇತ್ತು.

ಇ-ಕ್ರೀಡೆಯ ಸ್ಥಿತಿಯು ಇದಕ್ಕಿಂತ ಭಿನ್ನವಾದುದು. ದಕ್ಷಿಣ ಕೊರಿಯದಲ್ಲಿ ಎಸ್‌ಕೆ ಟೆಲಿಕಾಂ ಸಂಸ್ಥೆಯು 2004ರಲ್ಲಿಯೇ ತಂಡವನ್ನು ಕಟ್ಟಿತು. ಸ್ಯಾಮ್ಸಂಗ್ ಸಂಸ್ಥೆಯ ತಂಡವು 2017ರ ನವೆಂಬರಿನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟದ ವಿಶ್ವವಿಜಯಿಯಾಯಿತು. ಆ ತಿಂಗಳು ಮುಗಿಯುವುದರೊಳಗೆ ತಂಡವು ಪರರ ಪಾಲಾಯಿತು. 2019ರಲ್ಲಿ ಆ ದೇಶದ ಲೀಗಿನ ಪಂದ್ಯಗಳು ರಯಟ್ ಗೇಮ್ಸ್ ಸಂಸ್ಥೆಯೇ ನಿರ್ಮಿಸಿದ ಅಂಗಣಕ್ಕೆ ಸ್ಥಳಾಂತರಗೊಂಡವು. ಆಟದ ಒಡೆತನವೂ ಅಂಗಣದ ಒಡೆತನವೂ ಹೀಗೆ ಒಂದೇ ಕೈಯಲ್ಲಿ ಸೇರಿದವು.

ನಮ್ಮ ದೇಶದಲ್ಲಿ ಕೊರಿಯದ ಕ್ರಾಫ್ಟನ್ ಸಂಸ್ಥೆಯು 2021ರಲ್ಲಿ, ಸ್ಪರ್ಧೆಗಳನ್ನು ನಡೆಸುವ ನಾಡ್ವಿನ್ ಗೇಮಿಂಗ್ ಸಂಸ್ಥೆಯಲ್ಲಿ 164 ಕೋಟಿ ರೂಪಾಯಿಗಳನ್ನು ತೊಡಗಿಸಿತು. ಅದರ ಬಿಜಿಎಂಐ ಆಟದ ಸ್ಪರ್ಧೆಯು 2022ರ ಜೂನ್-ಜುಲೈ ತಿಂಗಳುಗಳಲ್ಲಿ ದೂರದರ್ಶನ ವಾಹಿನಿಯಲ್ಲಿ ಪ್ರಸಾರವಾಯಿತು. ಅದೇ ಜುಲೈ 28ರಂದು ಸರಕಾರದ ಆಜ್ಞೆಯಂತೆ ಆ ಆಟವು ಮೊಬೈಲು ಮಳಿಗೆಗಳಿಂದ ತೆಗೆಯಲ್ಪಟ್ಟಿತು. ಮರಳಿ ಬಂದುದು 2023ರ ಮೇ ತಿಂಗಳಿನಲ್ಲಿ. ನಡುವಣ ತಿಂಗಳುಗಳಲ್ಲಿ ಆಟಗಾರರ ಕೌಶಲಕ್ಕೆ ಕುಂದುಂಟಾಗಿರಲಿಲ್ಲ. ಆ ಕೌಶಲವನ್ನು ಮೆರೆಯುವ ಕಣವೇ ಇಲ್ಲವಾಗಿತ್ತು.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಶಾಸನವು ಹಣದ ಪಣವುಳ್ಳ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮನ್ನಣೆಯನ್ನಿತ್ತಿದೆ. ಇದು ಸ್ವಾಗತಾರ್ಹವೇ. ಆದರೆ ಆಟದ ಒಡೆತನವು ಸಂಸ್ಥೆಗಳಲ್ಲಿಯೇ ಉಳಿದಿದೆ. ಈ ಸೀಮೆಯ ಯುವಕನು ತನ್ನ ಪ್ರಾಯದ ವರ್ಷಗಳನ್ನು ಈ ಕ್ರೀಡೆಗೆ ಮುಡಿಪಾಗಿಡುವ ಮುನ್ನ, ಹಣವನ್ನು ಯಾರು ಕೊಡುತ್ತಾರೆಂಬುದರ ಜೊತೆಗೆ, ಅವರು ಹಿಂದೆಗೆದ ಮೇಲೆ ತನಗೆ ಆಡಲು ಏನು ಉಳಿಯುತ್ತದೆಂದು ಕೇಳಿಕೊಳ್ಳುವುದು ಯುಕ್ತ. ಕುಸ್ತಿಯ ಪೈಲ್ವಾನನಿಗೆ ಆ ಎರಡನೆಯ ಪ್ರಶ್ನೆ ಎಂದೂ ಎದುರಾಗಿರಲಿಲ್ಲ.