ಸೆರೆಂಗೆಟಿಯ ವೈಲ್ಡ್‌ಬೀಸ್ಟ್: ಒಂದು ಸಸ್ತನಿಯ ಪರಿಸರ ಪಾತ್ರದ ಇತಿಹಾಸ

ವೈಲ್ಡ್‌ಬೀಸ್ಟ್: ಆಫ್ರಿಕದ ಬಯಲುಗಳಲ್ಲಿ ಹಿಂಡುಗಟ್ಟಿ ಬಾಳುವ, ಮೆಲುಕು ಹಾಕುವ ಗೊರಸಿನ ಪ್ರಾಣಿ. ನೂ ಎಂಬ ಹೆಸರೂ ಇದೆ. ದನ, ಕುರಿ, ಹುಲ್ಲೆಗಳಿರುವ ಬೋವಿಡೀ ಕುಟುಂಬಕ್ಕೆ ಸೇರಿದ ಇದರ ಶಾಸ್ತ್ರೀಯ ನಾಮ ಕಾನೊಕೀಟಿಸ್ ಟಾರಿನಸ್. ಬೆಳೆದ ಗಂಡು ಸುಮಾರು 200 ಕಿಲೊ ತೂಗುತ್ತದೆ. ಟಾಂಜಾನಿಯ ಮತ್ತು ಕೀನ್ಯಾ ದೇಶಗಳ ಗಡಿಯಲ್ಲಿರುವ ಸೆರೆಂಗೆಟಿ-ಮಾರ ಪ್ರದೇಶದಲ್ಲಿ 19ನೆಯ ಶತಮಾನದ ಕೊನೆಗೆ ರೋಗಕ್ಕೆ ತುತ್ತಾಗಿ ಕುಗ್ಗಿದ ಇದರ ಸಂತತಿ, 1960ರ ದಶಕದಿಂದ ಈಚೆಗೆ ಐದು ಪಟ್ಟು ಹೆಚ್ಚಿತು. ಆ ಏರಿಕೆಯ ಜೊತೆಗೆ ಹುಲ್ಲು ಗಿಡ್ಡವಾಯಿತು, ಕಾಳ್ಗಿಚ್ಚು ಕಡಿಮೆಯಾಯಿತು, ಮರಗಳು ಹೆಚ್ಚಿದವು. ಒಂದು ಕಾಡು ಸಸ್ತನಿ ತಾನು ಮೇಯುವ ನೆಲವನ್ನು ಎಷ್ಟರಮಟ್ಟಿಗೆ ರೂಪಿಸಬಲ್ಲದು ಎಂಬುದಕ್ಕೆ ಪರಿಸರವಿಜ್ಞಾನಿಗಳು ಮತ್ತೆ ಮತ್ತೆ ಎತ್ತಿ ಹೇಳುವ ನಿದರ್ಶನ ಇದು.

ನೆಲ ಮತ್ತು ವಲಸೆ

ಸೆರೆಂಗೆಟಿ ಎಂಬುದು ಮಾಸಾಯಿ ಭಾಷೆಯಿಂದ ಬಂದ ಹೆಸರು. ಕೊನೆಯಿಲ್ಲದ ಬಯಲು ಎಂದು ಅರ್ಥ. ಸುಮಾರು 25,000 ಚದರ ಕಿಲೊಮೀಟರ್ ವಿಸ್ತಾರದ ಈ ಪ್ರದೇಶದಲ್ಲಿ ಮಳೆ ಒಂದೇ ಸಮನಾಗಿಲ್ಲ. ಆಗ್ನೇಯದ ಬಯಲಿನಲ್ಲಿ ವರ್ಷಕ್ಕೆ 500 ಮಿಲಿಮೀಟರಿನಷ್ಟು ಬಿದ್ದರೆ ವಾಯವ್ಯದಲ್ಲಿ ಅದರ ಎರಡು ಪಟ್ಟು ಬೀಳುತ್ತದೆ. ಆಗ್ನೇಯದ ಮಣ್ಣು ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದಾದದ್ದು. ಅಲ್ಲಿ ಬೆಳೆಯುವ ಗಿಡ್ಡ ಹುಲ್ಲಿನಲ್ಲಿ ಸುಣ್ಣ ಮತ್ತು ರಂಜಕದ ಅಂಶ ಹೆಚ್ಚು. ಹಾಲೂಡುವ ತಾಯಿಗಳಿಗೆ ಬೇಕಾದ ಮೇವು ಅದು. ಆದರೆ ಮಳೆ ನಿಂತೊಡನೆ ಆ ಬಯಲಿನಲ್ಲಿ ಹುಲ್ಲೂ ಒಣಗುತ್ತದೆ, ನೀರೂ ಬತ್ತುತ್ತದೆ.

ಹೀಗಾಗಿ ಹಿಂಡುಗಳು ವರ್ಷವಿಡೀ ನಡೆಯುತ್ತಲೇ ಇರುತ್ತವೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಆಗ್ನೇಯದ ಬಯಲು, ಮೇ ಮತ್ತು ಜೂನ್‌ನಲ್ಲಿ ಪಶ್ಚಿಮದ ಗ್ರುಮೆಟಿ ನದಿಯ ದಿಕ್ಕು, ಮಳೆಯಿಲ್ಲದ ಒಣಗಾಲದ ಕೊನೆಯ ತಿಂಗಳುಗಳಲ್ಲಿ ಉತ್ತರದ ಮಾರ ನದಿಯ ದಡ. ಬರಗಾಲದಲ್ಲೂ ಹರಿಯುವ ನದಿ ಅದೊಂದೇ. ಮಳೆ ಮರಳಿದಾಗ ಹಿಂಡುಗಳೂ ಆಗ್ನೇಯಕ್ಕೆ ಮರಳುತ್ತವೆ.

ದೊಡ್ಡರೋಗದ ದಾಳಿ

ರಿಂಡರ್‌ಪೆಸ್ಟ್ ಅಥವಾ ದೊಡ್ಡರೋಗ ಸೀಳುಗೊರಸಿನ ಪ್ರಾಣಿಗಳನ್ನು ಕೊಲ್ಲುವ ವೈರಸ್ ರೋಗ. ದಡಾರದ ವೈರಸ್ ಇದರ ಹತ್ತಿರದ ಬಂಧು. ಏಷ್ಯಾ ಮತ್ತು ಯೂರೋಪುಗಳಲ್ಲಿ ಹಳೆಯದಾಗಿದ್ದ ಈ ಪಿಡುಗು ಸಹಾರಾ ಮರುಭೂಮಿಯ ದಕ್ಷಿಣಕ್ಕೆ ನೆಲೆಯೂರಿರಲಿಲ್ಲ. 1887ರ ಸುಮಾರಿಗೆ ಇಟಲಿಯ ಸೈನ್ಯಕ್ಕಾಗಿ ಎರಿಟ್ರಿಯದ ಮಸಾವಾ ಬಂದರಿನಲ್ಲಿ ಇಳಿಸಿದ ದನಗಳೊಡನೆ ಅದು ಪೂರ್ವ ಆಫ್ರಿಕವನ್ನು ಹೊಕ್ಕಿತು. ನಾಲ್ಕೈದು ವರ್ಷಗಳಲ್ಲಿ ಮಾಸಾಯಿ ನಾಡನ್ನು ದಾಟಿ, 1897ರ ಹೊತ್ತಿಗೆ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತ್ತು. ಅದುವರೆಗೆ ರೋಗವನ್ನು ಕಂಡಿರದ ದನಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತವು. ಕಾಡೆಮ್ಮೆ, ವೈಲ್ಡ್‌ಬೀಸ್ಟ್, ಜಿರಾಫೆಗಳೂ ಗುಂಪುಗುಂಪಾಗಿ ಸತ್ತವು. ದನವನ್ನೇ ನಂಬಿದ್ದ ಮಾಸಾಯಿಗಳು ಹಸಿವಿನಿಂದಲೂ ಬೆನ್ನಿಗೇ ಬಂದ ಸಿಡುಬಿನಿಂದಲೂ ನೆಲಕಚ್ಚಿದರು. ಆ ಕಾಲವನ್ನು ಅವರು ಎಮುಟಾಯ್, ಅಂದರೆ ಸರ್ವನಾಶ ಎಂದು ಕರೆದರು. 1892ರಲ್ಲಿ ಸೆರೆಂಗೆಟಿಯನ್ನೂ ಅದರ ಪಕ್ಕದ ಗೊರೊಂಗೊರೊ ಪ್ರದೇಶವನ್ನೂ ಹಾದುಹೋದ ಆಸ್ಟ್ರಿಯದ ಅನ್ವೇಷಕ ಓಸ್ಕರ್ ಬೌಮನ್ ಎಲುಬುಗೂಡಾಗಿದ್ದ ಜನರನ್ನು ಕಂಡದ್ದನ್ನು ದಾಖಲಿಸಿದ್ದಾನೆ.

ದನವೂ ಜನವೂ ಇಲ್ಲವಾದ ಕಡೆ ಪೊದೆ ಬೆಳೆಯಿತು. ಪೊದೆಯ ನೆರಳಿನಲ್ಲಿ ನಿದ್ರಾರೋಗವನ್ನು ಹರಡುವ ತ್ಸೆತ್ಸೆ ನೊಣ ಹೆಚ್ಚಿತು. 20ನೆಯ ಶತಮಾನದ ಮೊದಲಲ್ಲಿ ಬಂದ ಯೂರೋಪಿಯನ್ನರು ಮನುಷ್ಯರೇ ಕಾಣದ ಈ ನೆಲವನ್ನು ಆದಿಕಾಲದಿಂದ ಹಾಗೆಯೇ ಉಳಿದು ಬಂದ ಕಾಡೆಂದು ಭಾವಿಸಿದರು. ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಗೊರೊಂಗೊರೊವನ್ನು ಉದ್ಯಾನದಿಂದ ಬೇರ್ಪಡಿಸಿ, ಸೆರೆಂಗೆಟಿಯಲ್ಲಿ ದನ ಮೇಯಿಸುತ್ತಿದ್ದ ಮಾಸಾಯಿಗಳನ್ನು ಅತ್ತ ಕಳುಹಿಸಲಾಯಿತು. ರೋಗ ಇನ್ನೂ ಅಲ್ಲೇ ಇತ್ತು. ಆಗ ಹೆಚ್ಚಿನವರು ಗ್ರಹಿಸದಿದ್ದ ಸಂಗತಿಯೆಂದರೆ, ವೈಲ್ಡ್‌ಬೀಸ್ಟ್‌ಗಳ ಸಂಖ್ಯೆಯನ್ನು ಅದೇ ಒತ್ತಿ ಹಿಡಿದಿತ್ತು.

ಎಣಿಕೆಯ ಆರಂಭ

ಹಿಂಡುಗಳನ್ನು ವಿಮಾನದಿಂದ ಎಣಿಸುವ ಮೊದಲ ದೊಡ್ಡ ಪ್ರಯತ್ನ ಜರ್ಮನಿಯ ಪಶುವೈದ್ಯ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮೈಕೆಲ್ ಅವರದು. ಜೀಬ್ರಾದಂತೆ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರಾಡಿ 1958ರಲ್ಲಿ ಅವರು 99,481 ವೈಲ್ಡ್‌ಬೀಸ್ಟ್‌ಗಳನ್ನು ಲೆಕ್ಕ ಹಾಕಿದರು. 1959ರ ಜನವರಿಯಲ್ಲಿ ರಣಹದ್ದು ಬಡಿದು ವಿಮಾನ ಉರುಳಿ ಮೈಕೆಲ್ ತೀರಿಕೊಂಡ. ಸೆರೆಂಗೆಟಿಯ ಬಗ್ಗೆ ಇಬ್ಬರೂ ತೆಗೆಯುತ್ತಿದ್ದ ಸಾಕ್ಷ್ಯಚಿತ್ರವನ್ನು ತಂದೆ ಪೂರ್ಣಗೊಳಿಸಿದರು. ಅದಕ್ಕೆ 1960ರಲ್ಲಿ ಆಸ್ಕರ್ ಬಂತು. ಅವರ ಎಣಿಕೆ ನಿಜಸಂಖ್ಯೆಗಿಂತ ಕಡಿಮೆಯಿತ್ತೆಂದು ಮುಂದೆ ತಿಳಿಯಿತಾದರೂ ವಿಧಾನ ನೆಲೆಗೊಂಡಿತು. 1961ರ ವೈಮಾನಿಕ ಛಾಯಾಚಿತ್ರಗಳಿಂದ ದೊರೆತ ಸಂಖ್ಯೆ ಸುಮಾರು 2.63 ಲಕ್ಷ. ಮುಂದಿನ ಹೋಲಿಕೆಗಳಿಗೆಲ್ಲ ಇದೇ ಮೊದಲ ಮೆಟ್ಟಿಲು.

ಲಸಿಕೆ ಮತ್ತು ಚೇತರಿಕೆ

1950ರ ದಶಕದಲ್ಲಿ ಸೆರೆಂಗೆಟಿಯ ಎಳೆಯ ವೈಲ್ಡ್‌ಬೀಸ್ಟ್‌ಗಳು ಸಾಯುತ್ತಿದ್ದ ಕಾಯಿಲೆಯನ್ನು ವರ್ಷದ ಕರುಗಳ ರೋಗ ಎನ್ನುತ್ತಿದ್ದರು. ಅದು ರಿಂಡರ್‌ಪೆಸ್ಟೇ ಆಗಿತ್ತು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮುಗಿಯುತ್ತಿದ್ದಂತೆ ಕರುಗಳಿಗೆ ರೋಗ ತಗಲುತ್ತಿತ್ತು. ಬದುಕುಳಿದವಕ್ಕೆ ಜೀವಮಾನದ ನಿರೋಧಶಕ್ತಿ ಬರುತ್ತಿತ್ತು.

ಇದೇ ಹೊತ್ತಿಗೆ ಕೀನ್ಯಾದ ಮುಗುಗದಲ್ಲಿ ಬ್ರಿಟಿಷ್ ಪಶುವೈದ್ಯ ವಾಲ್ಟರ್ ಪ್ಲೋರೈಟ್ ಅಂಗಾಂಶ ಕೃಷಿಯಿಂದ ಸುರಕ್ಷಿತ ಲಸಿಕೆಯೊಂದನ್ನು ಸಿದ್ಧಪಡಿಸುತ್ತಿದ್ದರು. ಈ ಕೆಲಸಕ್ಕಾಗಿ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಸೆರೆಂಗೆಟಿಯ ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ, 1963ರ ನಂತರ ಹುಟ್ಟಿದ ವೈಲ್ಡ್‌ಬೀಸ್ಟ್‌ಗಳ ರಕ್ತದಲ್ಲಿ ರೋಗದ ಕುರುಹು ಸಿಗದಾಯಿತು. ಕಾಡಿನ ಒಂದು ಪ್ರಾಣಿಗೂ ಲಸಿಕೆ ಹಾಕಿರಲಿಲ್ಲ. ಕಾಡುಪ್ರಾಣಿಗಳು ದನಗಳಿಗೆ ರೋಗ ಹಚ್ಚುತ್ತವೆಂಬ ಅಂದಿನ ನಂಬಿಕೆ ಇದರಿಂದ ತಲೆಕೆಳಗಾಯಿತು: ರೋಗದ ನೆಲೆ ಕೊಟ್ಟಿಗೆಯಲ್ಲಿತ್ತು.

ಕರುಗಳು ಬದುಕತೊಡಗಿದವು. 1971ರಿಂದ 1976ರವರೆಗೆ ಒಣಗಾಲದಲ್ಲಿಯೂ ಒಳ್ಳೆಯ ಮಳೆಯಾಗಿ ಮೇವು ಹೆಚ್ಚಿದ್ದು ಅನುಕೂಲವಾಯಿತು. 1977ರ ಎಣಿಕೆಯಲ್ಲಿ ಸಂಖ್ಯೆ ಸುಮಾರು 14 ಲಕ್ಷ. ಕಾಡೆಮ್ಮೆಗಳೂ ಹೆಚ್ಚಿದವು. ಅದೇ ಬಯಲಿನಲ್ಲಿ ಅದೇ ಮಳೆಯಡಿ ಮೇಯುತ್ತಿದ್ದ ಜೀಬ್ರಾಗಳು ಮಾತ್ರ ಸುಮಾರು 2 ಲಕ್ಷದಲ್ಲೇ ನಿಂತಿದ್ದವು. ಜೀಬ್ರಾ ಕುದುರೆಯ ಜಾತಿಯದು. ಅದರ ಗೊರಸು ಸೀಳಿಲ್ಲ, ರಿಂಡರ್‌ಪೆಸ್ಟ್ ಅದಕ್ಕೆ ತಗಲುವುದಿಲ್ಲ. ರೋಗ ತೊಲಗಿದ್ದೇ ಏರಿಕೆಯ ಕಾರಣ ಎಂಬ ವಾದಕ್ಕೆ ಈ ಹೋಲಿಕೆ ಬಲ ತಂದಿತು. 1965ರಲ್ಲಿ ಇಲ್ಲಿಗೆ ಬಂದು ದಶಕಗಳ ಕಾಲ ಕಾಡೆಮ್ಮೆ ಮತ್ತು ವೈಲ್ಡ್‌ಬೀಸ್ಟ್‌ಗಳನ್ನು ಅಭ್ಯಸಿಸಿದ ಆಂಟನಿ ಸಿಂಕ್ಲೇರ್ ಈ ಚರಿತ್ರೆಯನ್ನು ಕಟ್ಟಿಕೊಟ್ಟವರಲ್ಲಿ ಮುಖ್ಯರು.

ಹುಲ್ಲು, ಬೆಂಕಿ, ಮರ

ಮೇಯುವ ಬಾಯಿ ಕಡಿಮೆಯಿದ್ದಾಗ ಹುಲ್ಲು ಎತ್ತರಕ್ಕೆ ಬೆಳೆದು ಒಣಗಾಲದಲ್ಲಿ ಒಣಗಿ ನಿಲ್ಲುತ್ತಿತ್ತು. ದನಗಾಹಿಗಳು, ಬೇಟೆಗಾರರು, ಉದ್ಯಾನದ ಸಿಬ್ಬಂದಿ ಹಚ್ಚಿದ ಬೆಂಕಿ ಅದರಲ್ಲಿ ಮೈಲಿಗಟ್ಟಲೆ ಓಡುತ್ತಿತ್ತು. ಜಾಲಿಯ ಜಾತಿಯ ಮರಗಳ ಸಸಿಗಳು ಬೆಂಕಿಯ ಎಟುಕಿಗಿಂತ ಮೇಲೆ ಬೆಳೆಯುವ ಮೊದಲೇ ಸುಟ್ಟುಹೋಗುತ್ತಿದ್ದವು. ಹಳೆಯ ಮರಗಳು ಬೀಳುತ್ತಿದ್ದವು, ಅವುಗಳ ಜಾಗಕ್ಕೆ ಹೊಸವು ಬರುತ್ತಿರಲಿಲ್ಲ. 1960ರ ದಶಕದಲ್ಲಿ ಇದಕ್ಕೆಲ್ಲ ಆನೆಗಳನ್ನು ದೂರಿದವರೇ ಹೆಚ್ಚು.

ವೈಲ್ಡ್‌ಬೀಸ್ಟ್ ಹೆಚ್ಚಿದ ಮೇಲೆ ಬೆಂಕಿಗೆ ಸಿಗಬೇಕಾದ ಒಣಹುಲ್ಲು ಅವುಗಳ ಹೊಟ್ಟೆ ಸೇರಿತು. ಸುಡುವ ಪ್ರದೇಶದ ಹರವು ವರ್ಷದಿಂದ ವರ್ಷಕ್ಕೆ ಕುಗ್ಗಿತು, ಸಸಿಗಳು ಮರವಾದವು. ಒಂದೇ ಜಾಗದಲ್ಲಿ ನಿಂತು ಹಲವು ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಸಿಂಕ್ಲೇರ್ ಈ ಬದಲಾವಣೆಯನ್ನು ತೋರಿಸಿದರು. 2009ರಲ್ಲಿ ರಿಕಾರ್ಡೊ ಹೋಲ್ಡೊ ಮತ್ತು ಸಂಗಡಿಗರು 1960ರಿಂದ ಸೇರಿಸಿಟ್ಟ ಅಂಕಿಅಂಶಗಳಲ್ಲಿ ಮಳೆ, ಆನೆ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್, ಬೆಂಕಿ ಇವುಗಳ ಪಾಲನ್ನು ತೂಗಿ ನೋಡಿದರು. ಮರಗಳ ಏರಿಕೆಗೆ ಬೆಂಕಿ ತಗ್ಗಿದ್ದೇ ಮುಖ್ಯ ಕಾರಣ, ಬೆಂಕಿ ತಗ್ಗಲು ವೈಲ್ಡ್‌ಬೀಸ್ಟ್ ಕಾರಣ ಎಂದು ಅವರು ಕಂಡುಕೊಂಡರು. ಮೊದಲು ಇಂಗಾಲವನ್ನು ಗಾಳಿಗೆ ಬಿಡುತ್ತಿದ್ದ ಸೆರೆಂಗೆಟಿ, ಅದನ್ನು ಹಿಡಿದಿಟ್ಟುಕೊಳ್ಳುವ ನೆಲವಾಗಿ ಮಾರ್ಪಟ್ಟಿತ್ತು.

ಆನೆಯ ಪಾತ್ರ ಇಲ್ಲವೆಂದಲ್ಲ. ಕೀನ್ಯಾದ ಮಾರ ಭಾಗದಲ್ಲಿ 1960ರ ದಶಕದ ಬೆಂಕಿ ಕಾಡನ್ನು ಬಯಲು ಮಾಡಿತು. ಬೆಂಕಿ ಕಡಿಮೆಯಾದ ಮೇಲೂ ಆನೆಗಳು ಸಸಿಗಳನ್ನು ಕಿತ್ತು ತಿಂದು ಅದನ್ನು ಬಯಲಾಗಿಯೇ ಉಳಿಸಿದವು ಎಂದು ಹಾಲಿ ಡಬ್ಲಿನ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು.

ಮೇವಿನ ಸರದಿ

ಹಿಂಡುಗಳು ಒಂದರ ಹಿಂದೊಂದು ಮೇಯುವ ಕ್ರಮವನ್ನು 1971ರಲ್ಲಿ ರಿಚರ್ಡ್ ಬೆಲ್ ವಿವರಿಸಿದರು. ಮೊದಲು ಬರುವ ಜೀಬ್ರಾ ಹುಲ್ಲಿನ ಒರಟು ತುದಿ ಮತ್ತು ಕಾಂಡವನ್ನು ತಿನ್ನುತ್ತದೆ, ವೈಲ್ಡ್‌ಬೀಸ್ಟ್ ನಡುವಿನ ಎಲೆಯನ್ನು ಮೇಯುತ್ತದೆ, ಕೊನೆಗೆ ಬರುವ ಪುಟ್ಟ ಥಾಮ್ಸನ್ ಗೆಜೆಲ್ ನೆಲದಂಚಿನ ಎಳೆ ಚಿಗುರನ್ನು ಆಯುತ್ತದೆ. ವೈಲ್ಡ್‌ಬೀಸ್ಟ್ ಮೇಯ್ದುಹೋದ ಜಾಗದಲ್ಲಿ ಮತ್ತೆ ಹಸಿರು ಚಿಗುರುತ್ತದೆಂದೂ ಗೆಜೆಲ್‌ಗಳು ಅಂಥ ಜಾಗವನ್ನೇ ಹುಡುಕಿ ಬರುತ್ತವೆಂದೂ ಸ್ಯಾಮ್ಯುಯೆಲ್ ಮೆಕ್‌ನಾಟನ್ 1976ರಲ್ಲಿ ಅಳತೆ ಮಾಡಿ ತೋರಿಸಿದರು. ಸಗಣಿ, ಗಂಜಲಗಳ ಮೂಲಕ ಹುಲ್ಲಿನ ಸಾರ ಬೇಗನೆ ಮಣ್ಣಿಗೆ ಮರಳುತ್ತದೆ.

ಬೇಟೆಗಾರ ಪ್ರಾಣಿಗಳು

ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿ ಮತ್ತು ಜಿಂಕೆಗಳನ್ನು ಅಭ್ಯಸಿಸಿದ್ದ ಜಾರ್ಜ್ ಶಾಲರ್ 1966ರಲ್ಲಿ ಸೆರೆಂಗೆಟಿಗೆ ಬಂದು ಸಿಂಹಗಳ ಬೆನ್ನುಹತ್ತಿದರು. ಹ್ಯಾನ್ಸ್ ಕ್ರೂಕ್ ಕತ್ತೆಕಿರುಬಗಳನ್ನು ಅಭ್ಯಸಿಸಿದರು. ಇಬ್ಬರ ಪುಸ್ತಕಗಳೂ 1972ರಲ್ಲಿ ಹೊರಬಂದವು. ವೈಲ್ಡ್‌ಬೀಸ್ಟ್ ಇಷ್ಟು ಬೇಟೆಗಾರರ ನಡುವೆಯೂ ಲಕ್ಷಗಟ್ಟಲೆ ಇರುವುದು ಹೇಗೆ ಎಂಬ ಪ್ರಶ್ನೆಗೆ ವಲಸೆಯೇ ಉತ್ತರವೆಂದು ಮುಂದಿನ ಅಧ್ಯಯನಗಳು ಹೇಳಿದವು. ಮರಿಗಳನ್ನು ಸಾಕುವ ಸಿಂಹಿಣಿ ತನ್ನ ಎಲ್ಲೆಯನ್ನು ಬಿಟ್ಟು ಹಿಂಡಿನ ಹಿಂದೆ ನೂರಾರು ಕಿಲೊಮೀಟರ್ ನಡೆಯಲಾರದು. ಹಿಂಡು ಹೋದ ಮೇಲೆ ಅಲ್ಲಿ ಉಳಿಯುವ ಅಲ್ಪ ಆಹಾರಕ್ಕೆ ತಕ್ಕಷ್ಟೇ ಸಿಂಹಗಳಿರುತ್ತವೆ. ಜೊತೆಗೆ, ಹೆಚ್ಚಿನ ಕರುಗಳು ಫೆಬ್ರವರಿಯ ಆಸುಪಾಸಿನ ಮೂರು ವಾರಗಳಲ್ಲೇ ಹುಟ್ಟುವುದರಿಂದ ಬೇಟೆಗಾರರ ಹೊಟ್ಟೆ ತುಂಬಿ ಉಳಿದವು ಪಾರಾಗುತ್ತವೆ. 150 ಕಿಲೊಗಿಂತ ಹೆಚ್ಚು ತೂಗುವ ಮೇಯುಪ್ರಾಣಿಗಳ ಸಂಖ್ಯೆಗೆ ಮೇವೇ ಮಿತಿ, ಚಿಕ್ಕವಕ್ಕೆ ಬೇಟೆಗಾರರು ಮಿತಿ ಎಂದು 2003ರಲ್ಲಿ ಸಿಂಕ್ಲೇರ್, ಸೈಮನ್ ಮ್ದುಮ ಮತ್ತು ಜಸ್ಟಿನ್ ಬ್ರಷೇರ್ಸ್ ತೀರ್ಮಾನಿಸಿದರು. 1993ರ ಬರಗಾಲದಲ್ಲಿ ವೈಲ್ಡ್‌ಬೀಸ್ಟ್‌ಗಳು ಹಸಿವಿನಿಂದ ಸತ್ತು ಸಂಖ್ಯೆ 10 ಲಕ್ಷಕ್ಕಿಂತ ಕೆಳಗಿಳಿದದ್ದು ಇದಕ್ಕೆ ಒಪ್ಪುವಂತಿತ್ತು.

ನದಿಗೆ ಸಲ್ಲುವ ಪಾಲು

ಮಾರ ನದಿಯನ್ನು ದಾಟುವಾಗ ನೂಕುನುಗ್ಗಲಿನಲ್ಲಿ ಮುಳುಗಿ ಸಾಯುವ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ವರ್ಷಕ್ಕೆ ಸರಾಸರಿ 6,250 ಎಂದು ಅಮಾಂಡ ಸುಬಲಸ್ಕಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಇದು ಸುಮಾರು 1,100 ಟನ್ ಮಾಂಸ ಮೂಳೆಗಳನ್ನು ನದಿಗೆ ಸುರಿದಂತೆ. ಮೊಸಳೆ ತಿನ್ನುವುದು ಇದರಲ್ಲಿ ಅಲ್ಪ ಪಾಲು. ರಣಹದ್ದುಗಳು ಒಂದಷ್ಟನ್ನು ಗೂಡುಗಳಿಗೆ ಒಯ್ಯುತ್ತವೆ, ಮೀನುಗಳು ವಾರಗಟ್ಟಲೆ ತಿನ್ನುತ್ತವೆ. ಮೂಳೆಗಳು ಕರಗಿ ನೀರಿಗೆ ರಂಜಕವನ್ನು ಬಿಟ್ಟುಕೊಡಲು ಏಳು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಅವುಗಳ ಮೇಲೆ ಬೆಳೆಯುವ ಪಾಚಿಯೂ ಮೀನಿಗೆ ಮೇವಾಗುತ್ತದೆ.

ಭಾರತದ ನಂಟು

ರಿಂಡರ್‌ಪೆಸ್ಟ್ ಭಾರತದಲ್ಲೂ ರೈತರ ಕೊಟ್ಟಿಗೆಗಳನ್ನು ಬರಿದು ಮಾಡಿದ ರೋಗ. ಇಂದಿನ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯ ಮೂಲವಾದ ಪ್ರಯೋಗಾಲಯ 1889ರಲ್ಲಿ ಪುಣೆಯಲ್ಲಿ ಆರಂಭವಾಗಿ ಮುಂದೆ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಈ ರೋಗಕ್ಕೆ ಮದ್ದು ಹುಡುಕುವುದು ಅದರ ಮೊದಲ ಕೆಲಸಗಳಲ್ಲಿ ಒಂದು. 1968ರಲ್ಲಿ ರೋಗ ಬಂಡೀಪುರ ಮತ್ತು ಮುದುಮಲೈ ಕಾಡುಗಳನ್ನು ಹೊಕ್ಕು ಕಾಟಿಗಳ ಹಿಂಡುಗಳನ್ನು ನೆಲಕ್ಕುರುಳಿಸಿತು. ಅವು ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು. ಭಾರತದಲ್ಲಿ ರೋಗ ಕೊನೆಯದಾಗಿ ಕಾಣಿಸಿಕೊಂಡದ್ದು 1995ರಲ್ಲಿ. 2011ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಅಳಿಸಿಹಾಕಿದ ಎರಡನೆಯ ರೋಗ ಇದು.

ಇಂದಿನ ಸ್ಥಿತಿ

ವಲಸೆಯ ದಾರಿ ಮುಚ್ಚಿದ ಕಡೆ ಕಥೆ ಬೇರೆಯಾಗಿದೆ. ಕೀನ್ಯಾದ ಲೊಯಿಟ ಬಯಲಿನಲ್ಲಿ ಗೋಧಿ ಬೇಸಾಯ ಹಬ್ಬಿದ ಮೇಲೆ, ಅಲ್ಲಿ ಕರು ಹಾಕುತ್ತಿದ್ದ ಪ್ರತ್ಯೇಕ ಹಿಂಡು 1977ರ ಸುಮಾರು 1.19 ಲಕ್ಷದಿಂದ 1997ರ ವೇಳೆಗೆ 22 ಸಾವಿರಕ್ಕೆ ಇಳಿಯಿತು. ಬೋಟ್ಸ್ವಾನದಲ್ಲಿ ದನಗಳ ರೋಗ ತಡೆಯಲೆಂದು ಎಳೆದ ಬೇಲಿಗಳು ನೀರಿನ ದಾರಿಗೆ ಅಡ್ಡವಾಗಿ, 1980ರ ದಶಕದ ಬರಗಾಲದಲ್ಲಿ ಹತ್ತಾರು ಸಾವಿರ ವೈಲ್ಡ್‌ಬೀಸ್ಟ್‌ಗಳು ಸತ್ತವು. 2010ರಲ್ಲಿ ಟಾಂಜಾನಿಯ ಸರ್ಕಾರ ಸೆರೆಂಗೆಟಿಯ ಉತ್ತರ ಭಾಗದಲ್ಲಿ ಹೆದ್ದಾರಿಯನ್ನು ಹಾಯಿಸಲು ಯೋಜಿಸಿತು. ಡಾಂಬರು ರಸ್ತೆ ಕೂಡದೆಂದು ಪೂರ್ವ ಆಫ್ರಿಕದ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು.

ವಿಮಾನದ ಎಣಿಕೆಗಳ ಆಧಾರದ ಮೇಲೆ ಸೆರೆಂಗೆಟಿಯ ವೈಲ್ಡ್‌ಬೀಸ್ಟ್‌ಗಳು ಸುಮಾರು 13 ಲಕ್ಷ ಎಂದು ಹೇಳುವ ರೂಢಿಯಿದೆ. 2023ರಿಂದ ಈಚೆಗೆ, ಉಪಗ್ರಹ ಚಿತ್ರಗಳಲ್ಲಿ ಕಂಪ್ಯೂಟರ್ ಗುರುತಿಸಿದ ಪ್ರಾಣಿಗಳ ಲೆಕ್ಕ ಇದರ ಅರ್ಧವನ್ನೂ ಮುಟ್ಟಿಲ್ಲ. ಹಿಂಡು ಕುಗ್ಗಿದೆಯೋ, ಹಳೆಯ ವಿಧಾನ ಹೆಚ್ಚು ಎಣಿಸಿತ್ತೋ, ಮರದಡಿಯ ಪ್ರಾಣಿಗಳು ಉಪಗ್ರಹದ ಕಣ್ಣು ತಪ್ಪಿಸಿದವೋ ಎಂಬ ಚರ್ಚೆ ನಡೆದಿದೆ. ಸಂಖ್ಯೆ ನಿಜವಾಗಿಯೂ ಕುಸಿದಿದ್ದರೆ ಅದರ ಗುರುತು ಎಣಿಕೆಯ ಪಟ್ಟಿಯಲ್ಲಿ ಮಾತ್ರವಲ್ಲದೆ ಒಣಗಾಲದ ಹುಲ್ಲಿನಲ್ಲಿ, ಅದಕ್ಕೆ ಹೊತ್ತುವ ಬೆಂಕಿಯಲ್ಲಿ ಕಾಣಿಸಬೇಕು.