ಜೋಡಿ ಕಟ್ಟುವ ತಕ್ಕಡಿ: ಹೆಣ್ಣುಮಕ್ಕಳ ಎಂಎಂಎ ತೂಕ ವಿಭಾಗಗಳ ಕಥೆ



ಈಚೆಗೆ ನಮ್ಮ ಯುವಕೂಟದ ಸಭೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಒಬ್ಬ ಹುಡುಗಿ ಮಾತ್ರ ತಟ್ಟೆ ಹಿಡಿಯಲಿಲ್ಲ. ಯಾಕೆಂದು ಕೇಳಿದರೆ, “ನಾಳೆ ಕಬಡ್ಡಿ ಸೆಲೆಕ್ಷನ್ ಅಕ್ಕಾ, ಮೊದ್ಲು ತೂಕ ಹಾಕ್ತಾರೆ” ಅಂದಳು. ನೀರಾದರೂ ಕುಡಿಯಮ್ಮ ಅಂದೆ. “ಅದೂ ತೂಕಾನೇ ಅಲ್ವಾ?” ಅಂದಳು. ಪಕ್ಕದಲ್ಲಿದ್ದ ಹುಡುಗರು ನಕ್ಕು, “ಎಂಎಂಎ ಫೈಟರ್‌ಗಳೂ ಹಿಂಗೇ ಮಾಡ್ತಾರೆ” ಅಂದರು. ಅವರು ಹೇಳಿದ್ದು ನಿಜ. ಈ ಅಭ್ಯಾಸದ ಹಿಂದಿನ ಇತಿಹಾಸವನ್ನು ಓದಿ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ. ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಹೆಣ್ಣುಮಕ್ಕಳು, ಅವರ ಅಪ್ಪ ಅಮ್ಮಂದಿರು ಓದಬೇಕೆಂದು ನನ್ನ ಆಸೆ.

ತೂಕ ಹಾಕುವುದರ ಉದ್ದೇಶ ಒಳ್ಳೆಯದೇ. ಹಿಂದಿನ ಕುಸ್ತಿಯಲ್ಲಿ ಹಿರಿಯ ಪೈಲ್ವಾನರು ಮೈಕಟ್ಟು ನೋಡಿ ಸರಿಸಮನಾದವರನ್ನು ಎದುರುಬದುರು ಬಿಡುತ್ತಿದ್ದರು. ಮೈಸೂರು ದಸರಾ ಕುಸ್ತಿಗೆ ಮುಂಚೆ ಇವತ್ತಿಗೂ ‘ಜೋಡಿ ಕಟ್ಟುವ’ ಕಾರ್ಯಕ್ರಮ ನಡೆಯುತ್ತದೆ. ಇದೇ ಕೆಲಸವನ್ನು ಬಾಕ್ಸಿಂಗ್‌ನವರು ಅಂಕಿಗಳಲ್ಲಿ ಮಾಡಿದರು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ತೂಕ ವಿಭಾಗಗಳನ್ನು ಗೊತ್ತುಮಾಡಿತು. ಎಂಎಂಎಯಲ್ಲಿ ನಾವು ಕೇಳುವ ಫ್ಲೈವೇಟ್, ಬಾಂಟಮ್‌ವೇಟ್, ಫೆದರ್‌ವೇಟ್ ಎಂಬ ಹೆಸರುಗಳು ಬಾಕ್ಸಿಂಗ್‌ನಿಂದಲೇ ಬಂದವು. ಫ್ಲೈ ಅಂದರೆ ನೊಣ, ಬಾಂಟಮ್ ಅಂದರೆ ಸಣ್ಣ ಜಾತಿಯ ಕೋಳಿ, ಫೆದರ್ ಅಂದರೆ ಗರಿ.

ಅಮೆರಿಕದ ಯುಎಫ್‌ಸಿ ಸಂಸ್ಥೆ 1993ರ ನವೆಂಬರ್‌ನಲ್ಲಿ ಡೆನ್ವರ್ ನಗರದಲ್ಲಿ ಮೊದಲ ಕೂಟ ನಡೆಸಿದಾಗ ತೂಕದ ವಿಭಾಗಗಳೇ ಇರಲಿಲ್ಲ. ಸುಮಾರು 80 ಕೆ.ಜಿ. ಇದ್ದ ರಾಯ್ಸ್ ಗ್ರೇಸಿ ತನಗಿಂತ ಭಾರದವರನ್ನು ಸೋಲಿಸಿ ಗೆದ್ದರು. ಆದರೆ ಎಲ್ಲರೂ ಗ್ರೇಸಿ ಆಗುವುದಿಲ್ಲವಲ್ಲ! 1997ರಲ್ಲಿ ಎರಡು ವಿಭಾಗ ಬಂದವು, ಆಮೇಲೆ ಇನ್ನಷ್ಟು. ಇದೆಲ್ಲ ಗಂಡಸರಿಗೆ ಮಾತ್ರ. ಹೆಂಗಸರು ಬೇರೆ ಸಂಸ್ಥೆಗಳಲ್ಲಿ ಆಡುತ್ತಿದ್ದರು. 2009ರ ಆಗಸ್ಟ್ 15ರಂದು ಸ್ಟ್ರೈಕ್‌ಫೋರ್ಸ್ ಸಂಸ್ಥೆಯ ಕೂಟದಲ್ಲಿ ಕ್ರಿಸ್ ಸೈಬೋರ್ಗ್ 65.8 ಕೆ.ಜಿ. ವಿಭಾಗದಲ್ಲಿ ಜೀನಾ ಕರಾನೊ ಅವರನ್ನು ಸೋಲಿಸಿದರು. 2012ರಲ್ಲಿ ಹೆಂಗಸರಿಗಾಗಿಯೇ ಇನ್ವಿಕ್ಟಾ ಎಂಬ ಸಂಸ್ಥೆ ಶುರುವಾಯಿತು. ಅಲ್ಲಿ 47.6 ಕೆ.ಜಿ.ಯವರಿಗೂ ಒಂದು ವಿಭಾಗ ಇತ್ತು.

ಯುಎಫ್‌ಸಿ ಹೆಂಗಸರಿಗೆ ಬಾಗಿಲು ತೆರೆದದ್ದು 2013ರ ಫೆಬ್ರವರಿ 23ರಂದು. ಅವತ್ತು ರೋಂಡಾ ರೌಸಿ, ಲಿಜ್ ಕಾರ್ಮೂಷ್ ಅವರನ್ನು ಸೋಲಿಸಿದರು. ಆದರೆ ಆಗ ಇದ್ದದ್ದು ಒಂದೇ ವಿಭಾಗ, 61.2 ಕೆ.ಜಿ.ಯ ಬಾಂಟಮ್‌ವೇಟ್. 50 ಕೆ.ಜಿ.ಯವಳಾಗಲಿ 66 ಕೆ.ಜಿ.ಯವಳಾಗಲಿ, ಅಲ್ಲಿ ಆಡಬೇಕಾದರೆ ಆ ಒಂದೇ ಅಳತೆಗೆ ಹೊಂದಿಕೊಳ್ಳಬೇಕಿತ್ತು. 52.2 ಕೆ.ಜಿ.ಯ ಸ್ಟ್ರಾವೇಟ್ 2014ರಲ್ಲಿ ಬಂತು. 65.8 ಕೆ.ಜಿ.ಯ ಫೆದರ್‌ವೇಟ್ ಮತ್ತು 56.7 ಕೆ.ಜಿ.ಯ ಫ್ಲೈವೇಟ್ ಬರಲು 2017 ಆಗಬೇಕಾಯಿತು. ಅಷ್ಟರೊಳಗೆ, 2016ರಲ್ಲಿ, ಸೈಬೋರ್ಗ್ ಎರಡು ಸಲ 63.5 ಕೆ.ಜಿ.ಗೆ ಇಳಿದು ಆಡಿದ್ದರು.

ಹೀಗೆ ತೂಕ ಇಳಿಸುವುದು ಹೇಗೆ? ನಮ್ಮ ಕಡೆಯವರಿಗೆ ಕಡಲೆಕಾಯಿ ಉದಾಹರಣೆ ಸಾಕು. ಹೊಲದಿಂದ ಕಿತ್ತ ಹಸಿ ಕಾಯಿ ತೂಗಿದರೆ ಹೆಚ್ಚು, ಅದನ್ನೇ ಒಣಗಿಸಿ ತೂಗಿದರೆ ಕಡಿಮೆ. ಹೋದದ್ದು ನೀರು. ನಮ್ಮ ಮೈಯಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಪಂದ್ಯದ ಹಿಂದಿನ ದಿನ ತೂಕ ಹಾಕುವ ಕಡೆ ಆಟಗಾರರು ನೀರು ಬಿಟ್ಟು, ಬಿಸಿನೀರಲ್ಲಿ ಕೂತು ಬೆವರು ಹರಿಸಿ, ತೂಕ ಮುಗಿದ ಮೇಲೆ ಮತ್ತೆ ಕುಡಿಯುತ್ತಾರೆ. ಆದರೆ ಮನುಷ್ಯರು ಕಡಲೆಕಾಯಿಯಲ್ಲ. ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಹೃದಯಕ್ಕೂ ಮೂತ್ರಪಿಂಡಕ್ಕೂ ಹೊರೆ ಬೀಳುತ್ತದೆ.

ಇದರ ಬೆಲೆ ಏನೆಂದು ನೋಡಿ. 2015ರ ಡಿಸೆಂಬರ್‌ನಲ್ಲಿ ಒನ್ ಚಾಂಪಿಯನ್‌ಶಿಪ್ ಕೂಟಕ್ಕೆ ತೂಕ ಇಳಿಸುತ್ತಿದ್ದ ಚೀನಾದ 21 ವರ್ಷದ ಯುವಕ ಯಾಂಗ್ ಜಿಯಾನ್ ಬಿಂಗ್ ತೀರಿಕೊಂಡ. 2018ರಲ್ಲಿ ಯುಎಫ್‌ಸಿಯ ಮೊದಲ ಮಹಿಳಾ ಫ್ಲೈವೇಟ್ ಚಾಂಪಿಯನ್ ನಿಕೊ ಮೊಂಟಾನೊ ತೂಕ ಇಳಿಸುವಾಗ ಆಸ್ಪತ್ರೆ ಸೇರಿದರು, ಕಣಕ್ಕಿಳಿಯದೆಯೇ ಪಟ್ಟ ಕಳೆದುಕೊಂಡರು. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್‌ಗೆ ಮುಂಚೆ ಬರೀ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದು ನಮಗೆಲ್ಲ ನೆನಪಿದೆ.

ಯಾಂಗ್ ಸಾವಿನ ನಂತರ ಒನ್ ಸಂಸ್ಥೆ ನೀರು ಬಿಟ್ಟು ತೂಕ ಇಳಿಸುವುದನ್ನು ನಿಷೇಧಿಸಿತು. ಮೂತ್ರ ಪರೀಕ್ಷೆ ಮಾಡಿ ಮೈಯಲ್ಲಿ ಸಾಕಷ್ಟು ನೀರು ಇದೆಯೇ ಎಂದು ನೋಡತೊಡಗಿತು, ವಿಭಾಗಗಳ ಮಿತಿಯನ್ನೂ ಮೇಲಕ್ಕೆ ಸರಿಸಿತು. ಅದಕ್ಕೇ ವಿನೇಶ್ ಅವರ ದೊಡ್ಡಪ್ಪನ ಮಗಳು ರಿತು ಫೋಗಟ್ ಒನ್‌ನಲ್ಲಿ ಆಡಿದ ಆಟಮ್‌ವೇಟ್‌ನ ಮಿತಿ 52.2 ಕೆ.ಜಿ. ಯುಎಫ್‌ಸಿಯಲ್ಲಿ ಇದೇ ಮಿತಿಯ ಹೆಸರು ಸ್ಟ್ರಾವೇಟ್. ಆ ವಿಭಾಗದಲ್ಲೇ 2024ರ ಜೂನ್ 8ರಂದು ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯರಾದರು. ಈ ಮಿತಿಗಳನ್ನೆಲ್ಲ ಮನುಷ್ಯರೇ ಗೊತ್ತುಮಾಡಿದ್ದು, ಬೇಕಾದಾಗ ಮನುಷ್ಯರೇ ಬದಲಾಯಿಸಿದ್ದಾರೆ.

ಕೊನೆಗೆ ನಮ್ಮ ಆಂಧ್ರದವರೇ ಆದ ಕರ್ಣಂ ಮಲ್ಲೇಶ್ವರಿ ಅವರ ಮಾತು. ಅವರದು ವೇಟ್‌ಲಿಫ್ಟಿಂಗ್, ಅಲ್ಲೂ ತೂಕ ವಿಭಾಗಗಳಿವೆ. 1994, 1995ರಲ್ಲಿ ಅವರು 54 ಕೆ.ಜಿ. ವಿಭಾಗದಲ್ಲಿ ವಿಶ್ವ ಚಾಂಪಿಯನ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಾತ್ರ ಅವರು ಆಡಿದ್ದು 69 ಕೆ.ಜಿ. ವಿಭಾಗದಲ್ಲಿ. ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಹಳೆಯ ಮಿತಿಯನ್ನು ಬಿಟ್ಟು ಮೇಲಕ್ಕೆ ಹೋದದ್ದರಿಂದ ಅವರಿಗೆ ನಷ್ಟವಾಗಲಿಲ್ಲ.

ಆ ದಿನ ಆ ಹುಡುಗಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಈಗ ಹೇಳುತ್ತೇನೆ: ತಂಗೀ, ಬೆಳೆಯುವ ವಯಸ್ಸಿನಲ್ಲಿ ತೂಕ ಹೆಚ್ಚಾಗುವುದು ತಪ್ಪಲ್ಲ. ಮಿತಿ ದಾಟಿದರೆ ಮೇಲಿನ ತಂಡಕ್ಕೆ ಪ್ರಯತ್ನಿಸು. ಇಳಿಸಲೇಬೇಕಾದರೆ ತಿಂಗಳುಗಟ್ಟಲೆ ಮುಂಚೆ ಕೋಚ್ ಹತ್ತಿರ, ಡಾಕ್ಟರ್ ಹತ್ತಿರ ಮಾತಾಡು. ನೀರು ಮಾತ್ರ ಬಿಡಬೇಡ. ಅಪ್ಪ ಅಮ್ಮಂದಿರೇ, ಸೆಲೆಕ್ಷನ್ ಹಿಂದಿನ ದಿನ ಮಗಳು ಊಟ ಬೇಡ ಅಂದರೆ ಸುಮ್ಮನಿರಬೇಡಿ, ಕೂರಿಸಿಕೊಂಡು ಕೇಳಿ.

ಮುಂದಿನ ಸಭೆಯಲ್ಲೂ ಊಟ ಇದೆ. ಎಲ್ಲರೂ ಬನ್ನಿ.